ಗೇಮಿನಲ್ಲಿ ಗೆದ್ದ ಪೋಕರ್ ಗೋವಾದಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವ, ವಯಸ್ಸು 27, ಅಡಿಕೆ ತೋಟ ಉಂಟು. ಎರಡು ಮಳೆಗಾಲ ಕೂತು 'ರೆಡ್ ಡೆಡ್ ರಿಡೆಂಪ್ಶನ್ 2' ಆಡಿದ್ದೇನೆ. ಅದರೊಳಗಿನ ಪೋಕರ್‌ನಲ್ಲಿ ನಾನು ಸೋತದ್ದು ಅಪರೂಪ. ಫೋನಿನಲ್ಲಿ ಬಿಟ್ಟಿ ಚಿಪ್ಸ್‌ನ ಪೋಕರ್ ಕೂಡ ಆಡುತ್ತೇನೆ. ಬರುವ ತಿಂಗಳು ಗೆಳೆಯನ ಮದುವೆಗೆ ಮೊದಲು ನಾವು ಐದು ಜನ ಗೋವಾಕ್ಕೆ ಹೋಗುವವರಿದ್ದೇವೆ, ಮಾಂಡೋವಿ ನದಿಯ ಕ್ಯಾಸಿನೊ ಹಡಗು ನೋಡದೆ ಬರುವುದಿಲ್ಲವೆಂದು ತೀರ್ಮಾನ. ನನ್ನ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬಂದೀತೇ? ಪೋಕರ್ ಮೆಷಿನ್ ಎಲ್ಲ 'ಸೆಟ್ಟಿಂಗ್', ಅದರ ಹತ್ತಿರ ಹೋಗಬೇಡ, ತ್ರೀ ಕಾರ್ಡ್ ಪೋಕರ್ ಅಂದರೆ ನಮ್ಮ ತೀನ್ ಪತ್ತಿಯೇ, ಅದರಲ್ಲಿ ಕೂತುಕೋ ಎಂದು ಭಾವ ಹೇಳುತ್ತಾರೆ. ಸರಿಯೇ? ಮತ್ತೊಂದು ವಿಷಯ. ಅಕ್ಕನ ಮಗನಿಗೆ ಹದಿಮೂರು ವರ್ಷ. 'ಬಲಾಟ್ರೊ' ಎಂಬ ಇಸ್ಪೀಟ್ ಗೇಮ್ ಹಿಡಿದರೆ ಊಟಕ್ಕೂ ಏಳುವುದಿಲ್ಲ. ಜೂಜು ಕಲಿಯುತ್ತಾನೋ ಎಂದು ಅಕ್ಕನಿಗೆ ಹೆದರಿಕೆ. ಬಿಡಿಸಬೇಕೇ?

ಉತ್ತರ: ಭಾವನಿಂದಲೇ ಶುರು ಮಾಡುವ. ಮೆಷಿನ್ ಬಗ್ಗೆ ಅವರು ಹೇಳಿದ್ದು ಅರ್ಧ ಸರಿ, ಕಾರಣ ಮಾತ್ರ ತಪ್ಪು. ತೀನ್ ಪತ್ತಿಯ ಬಗ್ಗೆ ಹೇಳಿದ್ದು ಪೂರ್ತಿ ತಪ್ಪು. ಇನ್ನು ನಿಮ್ಮ ಎರಡು ಮಳೆಗಾಲದ ಅಭ್ಯಾಸದಲ್ಲಿ ಯಾವ ಕೈ ಯಾವುದಕ್ಕಿಂತ ದೊಡ್ಡದು ಎಂಬ ಪಾಠ ನಿಮ್ಮ ಜೊತೆ ಗೋವಾಕ್ಕೆ ಬರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಮಡಗಾಂವ್‌ನಲ್ಲಿ ಇಳಿಯುವಾಗ ರೈಲಿನ ಸೀಟಿನ ಕೆಳಗೆ ಉಳಿದುಹೋದರೂ ನಷ್ಟವಿಲ್ಲ.

ನಾನೂ ನಿಮ್ಮ ತಾಲೂಕಿನ ಆಚೆ ಬದಿ, ಮಂಜೇಶ್ವರದವ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಇಸ್ಪೀಟ್ ಗೇಮುಗಳ ಲೆಕ್ಕ ಬರೆಯುವುದೇ ನನ್ನ ಉದ್ಯೋಗವಾಗಿತ್ತು. ನಮ್ಮ ಕಡೆಯವರಿಗೆ ಒಂದು ಸಂಗತಿಯನ್ನು ವಿವರಿಸುವ ಅಗತ್ಯವೇ ಇಲ್ಲ: ಎಲೆಯ ಕಟ್ಟು ಒಂದೇ ಆದ ಮಾತ್ರಕ್ಕೆ ಆಟ ಒಂದೇ ಆಗುವುದಿಲ್ಲ. ಇಪ್ಪತ್ತೆಂಟು ಆಡುವಾಗ ಗುಲಾಮನಿಗೆ ಮೂರು ಪಾಯಿಂಟು, ರಾಜ ರಾಣಿಯರಿಗೆ ಸೊನ್ನೆ. ಅದೇ ಗುಲಾಮ ರಮ್ಮಿಯಲ್ಲಿ ಕೈಯಲ್ಲಿ ಉಳಿದರೆ ಹತ್ತು ಪಾಯಿಂಟಿನ ಹೊರೆ. ಕೋಳಿಕಟ್ಟದ ಬದಿಯ ಉಲಾಯಿ-ಪಿದಾಯಿಯಲ್ಲಿ ಅವನು ರಾಜನೂ ಅಲ್ಲ, ಆಳೂ ಅಲ್ಲ, ಒಳಗೆ ಬಿದ್ದನೋ ಹೊರಗೆ ಬಿದ್ದನೋ ಅಷ್ಟೆ. ಇವು ಮೂರನ್ನೂ ಯಾರೂ ಒಂದೇ ಆಟ ಅನ್ನುವುದಿಲ್ಲ, ಹೆಸರು ಬೇರೆ ಬೇರೆ ಇರುವುದರಿಂದ. ಪೋಕರ್‌ನಲ್ಲಿ ಆದ ಎಡವಟ್ಟು ಏನೆಂದರೆ ನಾಲ್ಕು ಬೇರೆ ಆಟಗಳಿಗೆ ಒಂದೇ ಹೆಸರು ಅಂಟಿಕೊಂಡಿದೆ. ಅವುಗಳನ್ನು ಬೇರ್ಪಡಿಸಬೇಕಾದರೆ ಎಲೆ ನೋಡಬೇಡಿ, ಎದುರಿಗೆ ಕೂತದ್ದು ಯಾರು ಎಂದು ನೋಡಿ.

ನಿಮ್ಮ ರೆಡ್ ಡೆಡ್‌ನಲ್ಲಿ ಎದುರಿಗೆ ಕೂತದ್ದು ನಿಮ್ಮನ್ನು ಖುಷಿಪಡಿಸಲು ಬರೆದ ಕೋಡ್. ಅಲ್ಲಿರುವ ಆಟ ಟೆಕ್ಸಾಸ್ ಹೋಲ್ಡೆಮ್: ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. (ಒಂದು ತಮಾಷೆ ಹೇಳಿಬಿಡುತ್ತೇನೆ. ಆ ಗೇಮಿನ ಕಥೆ ನಡೆಯುವುದು 1899ರಲ್ಲಿ. ಟೆಕ್ಸಾಸ್ ರಾಜ್ಯವೇ ಅಧಿಕೃತವಾಗಿ ಹೋಲ್ಡೆಮ್‌ನ ತವರು ಎಂದು ಒಪ್ಪಿಕೊಂಡದ್ದು ರಾಬ್ಸ್‌ಟೌನ್ ಎಂಬ ಊರನ್ನು, ಅದೂ 1900ರ ದಶಕದ ಆರಂಭದ ಆಟವೆಂದು. ಲಾಸ್ ವೇಗಸ್‌ಗೆ ಅದು ಬಂದದ್ದು 1960ರ ದಶಕದಲ್ಲಿ. ಆ ಕಾಲದ ಕುದುರೆ ಸವಾರರು ಆಡುತ್ತಿದ್ದದ್ದು ಡ್ರಾ ಅಥವಾ ಸ್ಟಡ್ ಪೋಕರ್. ಗೇಮ್ ಮಾಡಿದವರಿಗೆ ಇದು ಗೊತ್ತಿಲ್ಲ ಅಂತಲ್ಲ, ಇವತ್ತು ಕೊಳ್ಳುವವರಿಗೆ ಗೊತ್ತಿರುವುದು ಹೋಲ್ಡೆಮ್.) ಕಥೆಯ ಗೇಮಿನಲ್ಲಿ ಪೋಕರ್ ಎಂದರೆ ಗುಂಡಿನ ಚಕಮಕಿಯ ನಡುವೆ ಸಿಗುವ ಜಗಲಿ. ಅಲ್ಲಿ ನಿಮ್ಮನ್ನು ಹಣಿದು ಬಿಟ್ಟರೆ ನೀವು ಗೇಮನ್ನೇ ಮುಚ್ಚುತ್ತೀರಿ. ನಾನಿದ್ದ ಕಡೆ ಒಮ್ಮೆ ನಾವು ಎದುರಾಳಿಗಳಿಗೆ ಸ್ವಲ್ಪ ಬುದ್ಧಿ ತುಂಬಿದೆವು. ಪರೀಕ್ಷೆಗೆ ಕೂತ ಹುಡುಗರು ಹತ್ತು ನಿಮಿಷದಲ್ಲಿ ಎದ್ದು ಚಹಾಕ್ಕೆ ಹೋದರು. ಮರುದಿನ ನನಗೆ ಬಂದ ಸೂಚನೆ ಇಷ್ಟೇ: ಅವರನ್ನು ಪುನಃ ಹೆಡ್ಡರನ್ನಾಗಿ ಮಾಡಿ.

ಕಂಪ್ಯೂಟರಿಗೆ ಪೋಕರ್ ಬಾರದೆಂದು ಇದರ ಅರ್ಥ ಅಲ್ಲ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ಒಂದು ಕ್ಯಾಸಿನೊದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಲಿಬ್ರಾಟಸ್' ನಾಲ್ಕು ಮಂದಿ ವೃತ್ತಿಪರರ ಜೊತೆ ಇಪ್ಪತ್ತು ದಿನ, 1,20,000 ಕೈ ಆಡಿ ನಾಲ್ವರನ್ನೂ ಸೋಲಿಸಿತು. ಎರಡು ವರ್ಷ ಕಳೆದು 'ಪ್ಲುರಿಬಸ್' ಆರು ಜನರ ಟೇಬಲ್‌ನಲ್ಲೂ ಗೆದ್ದಿತು. ಅಂಥದ್ದನ್ನು ನಿಮ್ಮ ಎದುರು ಕೂರಿಸಿದ್ದರೆ ಎರಡು ಮಳೆಗಾಲ ಹೋಗಲಿ, ಎರಡು ಮಳೆ ದಿನ ಕೂಡ ನೀವು ಕೂರುತ್ತಿರಲಿಲ್ಲ.

ಬಿಟ್ಟಿ ಚಿಪ್ಸ್‌ನ ಪೋಕರ್‌ನಲ್ಲಿ ಎದುರಿಗೆ ಮನುಷ್ಯರೇ ಇದ್ದಾರೆ, ಆದರೆ ಸೋತರೆ ನೋವಾಗದ ಮನುಷ್ಯರು. ನಾಳೆ ಬೆಳಿಗ್ಗೆ ಪುನಃ ಚಿಪ್ಸ್ ಬರುತ್ತದೆ ಎಂದಾದರೆ ಎರಡು-ಏಳರಂಥ ಕೆಟ್ಟ ಕೈ ಹಿಡಿದವನೂ ಎಲ್ಲವನ್ನೂ ನಡುವೆ ತಳ್ಳುತ್ತಾನೆ. ಇದು ಕಲಿಸುವ ಕೆಟ್ಟ ಚಾಳಿ ಯಾವುದೆಂದು ಲೆಕ್ಕದಲ್ಲೇ ತೋರಿಸುತ್ತೇನೆ. ನಿಮ್ಮ ಬಳಿ ಒಂದೇ ಜಾತಿಯ ನಾಲ್ಕು ಎಲೆ ಉಂಟು, ಐದನೆಯದು ಬಂದರೆ ಫ್ಲಷ್. ಬರಲಿಕ್ಕೆ ಉಳಿದದ್ದು ಒಂದೇ ಎಲೆ. ಕಾಣದ 46 ಎಲೆಗಳಲ್ಲಿ ನಿಮಗೆ ಬೇಕಾದವು 9. ಅಂದರೆ ಸುಮಾರು ಐದಕ್ಕೆ ಒಂದು. ಎದುರಾಳಿ ಹಾಕಿದ್ದೂ ಸೇರಿ ಪಾಟ್‌ನಲ್ಲಿ 300 ರೂಪಾಯಿ, ನೀವು ಮುಂದುವರಿಯಲು 100 ಕೊಡಬೇಕು. ಕೊಡುವುದು ಲಾಭವಾಗಬೇಕಾದರೆ ನಾಲ್ಕಕ್ಕೆ ಒಂದಾದರೂ ಗೆಲ್ಲಬೇಕು. ಐದಕ್ಕೆ ಒಂದು ಸಾಲದು, ಆದ್ದರಿಂದ ಪ್ಯಾಕ್. ಫೋನಿನಲ್ಲಿ ಈ ಜಾಗದಲ್ಲಿ ನೀವು ಒಮ್ಮೆಯಾದರೂ ಪ್ಯಾಕ್ ಮಾಡಿದ್ದು ಉಂಟೇ? ಮನಸ್ಸು ಮುಟ್ಟಿ ಹೇಳಿ ಮಾರಾಯ್ರೇ. ಹಡಗಿನ ಪೋಕರ್ ಕೋಣೆಯಲ್ಲಿ ಕೂತವರು ಪ್ಯಾಕ್ ಮಾಡುತ್ತಾರೆ. ಕೈಗೆ ಬಂದ ಹತ್ತರಲ್ಲಿ ಏಳನ್ನು ಹಾಗೇ ಎಸೆದು ನೀರು ಕುಡಿಯುತ್ತಾ ಕೂರುತ್ತಾರೆ. ಅಲ್ಲಿ ಹಣ ಬರುವುದು ಕ್ಯಾಸಿನೊದಿಂದ ಅಲ್ಲ, ನಿಮ್ಮಂಥವರಿಂದ; ಕ್ಯಾಸಿನೊ ಪ್ರತಿ ಪಾಟ್‌ನಿಂದ ತನ್ನ ಪಾಲು ತೆಗೆದಿಡುತ್ತದೆ, ನಮ್ಮ ಕ್ಲಬ್ಬುಗಳಲ್ಲಿ ರಮ್ಮಿ ಟೇಬಲ್‌ನಿಂದ ಕಮಿಷನ್ ತೆಗೆದ ಹಾಗೆ. ಗಂಟೆಗೆ ಮೂವತ್ತು ಕೈ ಆದರೆ ಹೆಚ್ಚು. ಗೇಮಿನ ವೇಗಕ್ಕೆ ಒಗ್ಗಿದವರು ಬೇಸರಕ್ಕೇ ಸೋಲುತ್ತಾರೆ. ಪರದೆಯ ಮುಂದೆ ಕಲಿತು ನಿಜ ಟೇಬಲ್‌ನಲ್ಲಿ ಗೆದ್ದವರು ಇಲ್ಲವೇ ಎಂದರೆ, ಇದ್ದಾರೆ. 2003ರ ಪೋಕರ್ ವಿಶ್ವ ಸರಣಿಯನ್ನು ಗೆದ್ದ ಕ್ರಿಸ್ ಮನಿಮೇಕರ್ ಆನ್‌ಲೈನ್‌ನಿಂದ ಅರ್ಹತೆ ಪಡೆದು ಬಂದವರು, ಎದುರುಬದುರು ಕೂತು ಆಡಿದ ಮೊದಲ ದೊಡ್ಡ ಪಂದ್ಯವೇ ಅದು. ಆದರೆ ಅವರು ಆನ್‌ಲೈನ್‌ನಲ್ಲಿ ಆಡಿದ್ದು ನಿಜ ಹಣಕ್ಕೆ, ಸೋತರೆ ನೋವಾಗುವ ಜನರ ಜೊತೆ.

ಈಗ ಮೆಷಿನ್. ನನಗೆ ಇಷ್ಟವಾದ ಅಧ್ಯಾಯ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

1891ರಲ್ಲಿ ಬ್ರೂಕ್ಲಿನ್‌ನ ಸಿಟ್‌ಮನ್ ಮತ್ತು ಪಿಟ್ ಎಂಬವರು ಐದು ಉರುಳೆಗಳ ಪೋಕರ್ ಯಂತ್ರ ಮಾಡಿದರು. ನಾಣ್ಯ ಹಾಕಿ ಹಿಡಿ ಎಳೆದರೆ ಐದು ಎಲೆ ಕಾಣುತ್ತಿತ್ತು, ಗೆದ್ದವನಿಗೆ ಅಂಗಡಿಯವನು ಬಿಯರೋ ಸಿಗಾರೋ ಕೊಡುತ್ತಿದ್ದ. ಉರುಳೆಗಳಲ್ಲಿ ಇದ್ದದ್ದು 52 ಅಲ್ಲ, 50 ಎಲೆ. ಸಾಮಾನ್ಯವಾಗಿ ತೆಗೆದಿಡುತ್ತಿದ್ದದ್ದು ಇಸ್ಪೀಟಿನ ಹತ್ತು ಮತ್ತು ಆಟೀನಿನ ಗುಲಾಮ. ಈ ಎರಡು ಎಲೆ ಇಲ್ಲದಿದ್ದರೆ ನಾಲ್ಕು ರಾಯಲ್ ಫ್ಲಷ್‌ಗಳಲ್ಲಿ (ಒಂದೇ ಜಾತಿಯ ಹತ್ತರಿಂದ ಎಕ್ಕದವರೆಗಿನ ಐದು ಎಲೆ, ಎಲ್ಲಕ್ಕಿಂತ ದೊಡ್ಡ ಕೈ) ಎರಡು ಹುಟ್ಟುವುದೇ ಇಲ್ಲ. ಭಾವ ಹೇಳುವ 'ಸೆಟ್ಟಿಂಗ್' ಇದು, ಆ ಕಾಲಕ್ಕೆ ಅವರ ಮಾತು ನೂರಕ್ಕೆ ನೂರು ಸರಿ.

ಇವತ್ತಿನ ವಿಡಿಯೊ ಪೋಕರ್ ಬೇರೆ. 1979ರಲ್ಲಿ ಸೈ ರೆಡ್ ಅವರ ಕಂಪನಿ 'ಡ್ರಾ ಪೋಕರ್' ಎಂಬ ಪರದೆಯ ಮೆಷಿನ್ ತಂದಿತು. ಅದೇ ಕಂಪನಿ ಮುಂದೆ ಐಜಿಟಿ ಆಯಿತು. ಐದು ಎಲೆ ಬರುತ್ತದೆ, ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಒಮ್ಮೆ ಬದಲಿಸಬಹುದು, ಆಮೇಲೆ ಕೈಗೆ ತಕ್ಕ ಹಣ. ಎದುರಾಳಿಯೇ ಇಲ್ಲ. ನಿಮ್ಮ ಎದುರಿಗಿರುವುದು ಪರದೆಯ ಮೇಲೆ ಬರೆದ ಒಂದು ದರಪಟ್ಟಿ. ನೆವಾಡಾ ರಾಜ್ಯದ ನಿಯಮದ ಪ್ರಕಾರ ಮೆಷಿನ್ ಇಸ್ಪೀಟ್ ಎಲೆ ತೋರಿಸುವುದಾದರೆ ಪ್ರತಿ ಎಲೆ ಬರುವ ಸಂಭವ ನಿಜ ಕಟ್ಟಿನಲ್ಲಿ ಇರುವಷ್ಟೇ ಇರಬೇಕು. ಎಲೆ ಅಡಗಿಸುವ ಅಗತ್ಯ ಈಗ ಯಾರಿಗೂ ಇಲ್ಲ, ಏಕೆಂದರೆ ಮನೆಯ, ಅಂದರೆ ಕ್ಯಾಸಿನೊದ, ಲಾಭವನ್ನು ದರಪಟ್ಟಿಯಲ್ಲೇ, ಎಲ್ಲರಿಗೂ ಕಾಣುವ ಹಾಗೆ ಬರೆದಿರುತ್ತಾರೆ. ಯಾರೂ ಓದುವುದಿಲ್ಲ ಅಷ್ಟೆ.

ಹೆಚ್ಚು ಚಾಲ್ತಿಯಲ್ಲಿರುವ ಬಗೆ 'ಜಾಕ್ಸ್ ಆರ್ ಬೆಟರ್', ಅಂದರೆ ಗುಲಾಮನ ಜೋಡಿ ಅಥವಾ ಮೇಲಿನದು ಬಂದರೆ ಹಾಕಿದ ಹಣ ವಾಪಸು. ಇಪ್ಪತ್ತೆಂಟಿನ ನಮ್ಮ ಸರದಾರ ಇಲ್ಲಿ ಬಾಗಿಲು ಕಾಯುವವ. ಪಟ್ಟಿಯಲ್ಲಿ ಎರಡೇ ಸಾಲು ನೋಡಿ: ಫುಲ್ ಹೌಸ್‌ಗೆ (ಮೂರು ಒಂದೇ ಎಲೆ, ಜೊತೆಗೆ ಒಂದು ಜೋಡಿ) ಎಷ್ಟು, ಫ್ಲಷ್‌ಗೆ ಎಷ್ಟು. 9 ಮತ್ತು 6 ಇದ್ದರೆ, ಐದು ನಾಣ್ಯ ಹಾಕಿ ತಪ್ಪಿಲ್ಲದೆ ಆಡಿದವನಿಗೆ ನೂರು ರೂಪಾಯಿಗೆ ಸರಾಸರಿ 99 ರೂಪಾಯಿ 54 ಪೈಸೆ ವಾಪಸು. 8 ಮತ್ತು 5 ಇದ್ದರೆ 97 ರೂಪಾಯಿ 30 ಪೈಸೆ. 6 ಮತ್ತು 5 ಇದ್ದರೆ 95 ರೂಪಾಯಿ. ಮೂರೂ ಮೆಷಿನ್ ಹೊರಗಿನಿಂದ ಒಂದೇ ತರ, ಹಾಡೂ ಒಂದೇ, ದೀಪವೂ ಒಂದೇ.

ವ್ಯತ್ಯಾಸ ಪೈಸೆಯಲ್ಲಿ ಇದೆ ಅನ್ನಿಸುತ್ತದೆ ಅಲ್ಲವೇ? ಹತ್ತು ರೂಪಾಯಿಯ ಐದು ನಾಣ್ಯ ಅಂದರೆ ಕೈಗೆ 50 ರೂಪಾಯಿ. ಕೈ ಪಳಗಿದವರು ಗಂಟೆಗೆ 600 ಕೈ ಒತ್ತುತ್ತಾರೆ. ಗಂಟೆಯೊಂದರಲ್ಲಿ ನಿಮ್ಮ ಬೆರಳ ಕೆಳಗೆ ಹಾದುಹೋಗುವುದು 30,000 ರೂಪಾಯಿ. ಮೊದಲ ಮೆಷಿನ್ ಅದರಲ್ಲಿ ಸರಾಸರಿ 138 ರೂಪಾಯಿ ಇಟ್ಟುಕೊಳ್ಳುತ್ತದೆ, ಎರಡನೆಯದು 810, ಮೂರನೆಯದು 1,500. ಅದೂ ನೀವು ಒಂದೂ ತಪ್ಪು ಮಾಡದಿದ್ದರೆ. ಇನ್ನೂ ಒಂದು ಉಂಟು: ಆ 99.54ರಲ್ಲಿ ಸುಮಾರು ಎರಡು ರೂಪಾಯಿ ರಾಯಲ್ ಫ್ಲಷ್‌ನ ಪಾಲು. ಅದು ಬರುವುದು ಸುಮಾರು 40,000 ಕೈಗೆ ಒಮ್ಮೆ, ಅಂದರೆ ಗಂಟೆಗೆ 600ರಂತೆ 67 ಗಂಟೆ. ನೀವು ಹಡಗಿನಲ್ಲಿ ಇರುವುದು ಒಂದು ರಾತ್ರಿ. ಐದರ ಬದಲು ಒಂದೇ ನಾಣ್ಯ ಹಾಕಿ ಆಡಿದರೆ ಆ ರಾಯಲ್‌ಗೆ ಸಿಗುವುದು 800 ಪಟ್ಟು ಅಲ್ಲ, 250 ಪಟ್ಟು. ಜಾಗ್ರತೆ ಮಾಡುತ್ತೇನೆಂದು ಒಂದೊಂದೇ ನಾಣ್ಯ ಹಾಕುವವರು ಹೀಗೆ ಹೆಚ್ಚಿನ ಪಾಲು ಕಳೆದುಕೊಳ್ಳುತ್ತಾರೆ. ಜಾಗ್ರತೆ ಬೇಕಾದರೆ ಸಣ್ಣ ನಾಣ್ಯದ ಮೆಷಿನ್ ಹುಡುಕಿ ಐದು ಹಾಕಿ.

ಆಡುವ ಕ್ರಮದಲ್ಲಿ ನಿಮ್ಮ ಹೋಲ್ಡೆಮ್ ಬುದ್ಧಿ ಇಲ್ಲಿ ಕೈಕೊಡುತ್ತದೆ. ಜೋಡಿಯ ಜೊತೆ ಒಂದು ಎಕ್ಕ ಉಳಿಸಿಕೊಳ್ಳುವ ಅಭ್ಯಾಸ ನಿಮಗೆ ಇದ್ದೇ ಇರುತ್ತದೆ. ಎದುರಾಳಿಯೇ ಇಲ್ಲದ ಕಡೆ ಆ ಎಕ್ಕ ಯಾರನ್ನು ಸೋಲಿಸಬೇಕು? ಅದನ್ನು ಬಿಸಾಡಿ ಮೂರೂ ಎಲೆ ಬದಲಿಸಿ. ಗುಲಾಮನ ಜೋಡಿಯೂ ಫ್ಲಷ್‌ಗೆ ನಾಲ್ಕು ಎಲೆಯೂ ಒಟ್ಟಿಗೆ ಬಂದರೆ ಜೋಡಿ ಇಟ್ಟುಕೊಳ್ಳಿ. ಆರರ ಜೋಡಿಯಾದರೆ ಅದನ್ನು ಬಿಟ್ಟು ಫ್ಲಷ್ ಹಿಡಿಯಿರಿ. ಎಲ್ಲಕ್ಕಿಂತ ಕಷ್ಟದ್ದು ಇದು: ಫ್ಲಷ್ ಸಿದ್ಧವಾಗಿ ಕೈಗೆ ಬಂದಿದೆ, ಆದರೆ ಅದರಲ್ಲಿ ನಾಲ್ಕು ಎಲೆ ರಾಯಲ್‌ನದ್ದು. ಕೈಯಲ್ಲಿರುವ ಫ್ಲಷ್‌ಗೆ 6 ಸಿಗುತ್ತದೆ. ಒಡೆದರೆ 47ರಲ್ಲಿ ಒಂದು ಎಲೆಗೆ 800, ಅದರ ಸರಾಸರಿಯೇ 17. ಒಡೆಯಬೇಕು. ಕೈ ನಡುಗುತ್ತದೆ, ಗೊತ್ತು.

'ಸೆಟ್ಟಿಂಗ್' ಮಾತು ಮುಗಿಸುವ ಮೊದಲು ನಮ್ಮ ವೃತ್ತಿಯವರು ತಲೆತಗ್ಗಿಸುವ ಒಂದು ಪ್ರಸಂಗ. 1999ರಲ್ಲಿ ಆನ್‌ಲೈನ್ ಪೋಕರ್ ತಂತ್ರಾಂಶ ಮಾಡುತ್ತಿದ್ದ ಒಂದು ಸಂಸ್ಥೆ, ನಾವು ಎಷ್ಟು ಪ್ರಾಮಾಣಿಕರು ನೋಡಿ ಎಂದು ಎಲೆ ಕಲಸುವ ಕೋಡನ್ನೇ ಬಹಿರಂಗ ಮಾಡಿತು. ಕೆಲವು ಪ್ರೋಗ್ರಾಮರುಗಳು ಓದಿ ನೋಡಿದರೆ, ಕಲಸುವಿಕೆ ಶುರುವಾಗುವುದು ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡು ಕಳೆಯಿತು ಎಂಬ ಸಂಖ್ಯೆಯಿಂದ. ದಿನಕ್ಕೆ ಮಿಲಿಸೆಕೆಂಡು ಇರುವುದು 8 ಕೋಟಿ 64 ಲಕ್ಷ. 52 ಎಲೆ ಕಲಸುವ ಬಗೆಗಳು 8ರ ಮುಂದೆ 67 ಸೊನ್ನೆಯಷ್ಟು. ಅಷ್ಟು ದೊಡ್ಡ ಕಾಡನ್ನು ಬಿಟ್ಟು ಮೆಷಿನ್ ಒಂದೇ ಕಾಲುದಾರಿಯಲ್ಲಿ ಓಡಾಡುತ್ತಿತ್ತು. ಸರ್ವರಿನ ಗಡಿಯಾರಕ್ಕೆ ತಮ್ಮದನ್ನು ಹೊಂದಿಸಿ, ಐದು ಎಲೆ ಕಂಡ ಕೂಡಲೇ ಉಳಿದವರ ಕೈ ಏನೆಂದು ಹೇಳಿಬಿಟ್ಟರು. ಅಲ್ಲಿ ಮೋಸ ಮಾಡುವ ಉದ್ದೇಶವೇ ಇರಲಿಲ್ಲ. ಬರೆದವನಿಗೆ ಕಲಸಲು ಬಂದಿರಲಿಲ್ಲ.

ಇನ್ನು ತ್ರೀ ಕಾರ್ಡ್ ಪೋಕರ್. 1994ರಲ್ಲಿ ಡೆರೆಕ್ ವೆಬ್ ಎಂಬ ಬ್ರಿಟಿಷರು ಕಟ್ಟಿದ ಆಟ. ಮೂರು ಎಲೆ ಇರುವುದು ತೀನ್ ಪತ್ತಿಯ ಹಾಗೇ, ಆದರೆ ತೀನ್ ಪತ್ತಿಯ ಜೀವ ಎಲೆಯಲ್ಲಿ ಇಲ್ಲ. ಬ್ಲೈಂಡ್ ಆಡುವವನು ಅರ್ಧ ಹಾಕಿ ಎಲೆ ನೋಡಿದವನ ಬೆವರಿಳಿಸುತ್ತಾನೆ, ಚಾಲ್ ಏರಿಸಿ ಏರಿಸಿ ಒಳ್ಳೆ ಕೈಯವನನ್ನೇ ಪ್ಯಾಕ್ ಮಾಡಿಸುತ್ತಾನೆ. ಹೆದರಿಸುವುದೇ ಆಟ. ಕ್ಯಾಸಿನೊ ಟೇಬಲ್‌ನ ಡೀಲರ್ ಹೆದರುವ ಜನ ಅಲ್ಲ. ಅವರದು ಒಂದೇ ನಿಯಮ: ರಾಣಿ ಅಥವಾ ಮೇಲಿನ ಎಲೆ ಇದ್ದರೆ ಕೈ ನಿಲ್ಲುತ್ತದೆ, ಇಲ್ಲದಿದ್ದರೆ ನೀವು ಎಲೆ ನೋಡುವ ಮೊದಲು ಇಟ್ಟ ಹಣಕ್ಕೆ ಅಷ್ಟೇ ಲಾಭ ಕೊಟ್ಟು, ನೋಡಿದ ಮೇಲೆ ಆಡಲು ಹಾಕಿದ ಎರಡನೆಯ ಹಣ ವಾಪಸು. ನಿಮ್ಮದೂ ಒಂದೇ ನಿರ್ಧಾರ: ರಾಣಿ-ಆರು-ನಾಲ್ಕು ಅಥವಾ ಅದಕ್ಕಿಂತ ಮೇಲಿದ್ದರೆ ಆಡುವುದು, ಕೆಳಗಿದ್ದರೆ ಬಿಡುವುದು. ಹೀಗೆ ಆಡಿದರೆ ಮೊದಲು ಇಟ್ಟ ನೂರಕ್ಕೆ ಮನೆಯ ಪಾಲು 3 ರೂಪಾಯಿ 37 ಪೈಸೆ. ಭಾವನ ಮುಖಭಾವ, ಮೀಸೆ ತಿರುವುವುದು, ಯಾವುದೂ ಅದನ್ನು ಒಂದು ಪೈಸೆ ಇಳಿಸುವುದಿಲ್ಲ.

ಶ್ರೇಣಿಯಲ್ಲೂ ಎರಡು ಗುಂಡಿ ಉಂಟು. ಐದು ಎಲೆಯ ಆಟದಲ್ಲಿ ಫ್ಲಷ್ 5,108 ಬಗೆ, ಸ್ಟ್ರೈಟ್ (ಸಾಲಾಗಿ ಬರುವ ಎಲೆಗಳು) 10,200 ಬಗೆ. ಅಪರೂಪದ್ದು ದೊಡ್ಡದು, ಆದ್ದರಿಂದ ನಿಮ್ಮ ಗೇಮಿನಲ್ಲಿ ಫ್ಲಷ್ ಮೇಲೆ. ಮೂರು ಎಲೆಗೆ ಇಳಿದರೆ ಲೆಕ್ಕ ತಲೆಕೆಳಗು: ಸ್ಟ್ರೈಟ್ 720, ಫ್ಲಷ್ 1,096. ಆದ್ದರಿಂದ ಇಲ್ಲಿ ಸ್ಟ್ರೈಟ್ ಮೇಲೆ. ಇದು ನಿಮ್ಮನ್ನು ಬೀಳಿಸುವ ಗುಂಡಿ. ಭಾವನನ್ನು ಬೀಳಿಸುವ ಗುಂಡಿ ಶ್ರೇಣಿಯ ತುದಿಯಲ್ಲಿ ಉಂಟು. ತೀನ್ ಪತ್ತಿಯಲ್ಲಿ ಮೂರು ಒಂದೇ ಎಲೆಯ ಟ್ರೇಲ್‌ಗೆ ಎದುರಿಲ್ಲ. ಎಣಿಸಿ ನೋಡಿದರೆ ಟ್ರೇಲ್ 52 ಬಗೆ, ಪ್ಯೂರ್ ಸೀಕ್ವೆನ್ಸ್ 48 ಬಗೆ. ಕ್ಯಾಸಿನೊ ಎಣಿಕೆಗೆ ನಿಷ್ಠ, ಪ್ಯೂರ್ ಸೀಕ್ವೆನ್ಸನ್ನು ಮೇಲೆ ಇಟ್ಟಿದೆ. ಮೂರು ಎಕ್ಕ ಹಿಡಿದು ಭಾವ ಎದ್ದು ನಿಂತಾಗ ಡೀಲರ್ ಎರಡು-ಮೂರು-ನಾಲ್ಕು ಕಳಾವರ್ ತೋರಿಸಿ ಹಣ ಎಳೆದುಕೊಂಡರೆ ಜಗಳಕ್ಕೆ ಹೋಗಬೇಡಿ.

ಅದೇ ಟೇಬಲ್‌ನಲ್ಲಿ 'ಪೇರ್ ಪ್ಲಸ್' ಎಂಬ ಬದಿ ಪಣ ಇರುತ್ತದೆ. ಫ್ಲಷ್‌ಗೆ 4 ಪಟ್ಟು ಕೊಡುವ ಹಳೆಯ ಪಟ್ಟಿಯಲ್ಲಿ ಮನೆಯ ಪಾಲು ನೂರಕ್ಕೆ 2.32. ನಾಲ್ಕನ್ನು ಮೂರು ಮಾಡಿದರೆ 7.28. ಬಟ್ಟೆಯ ಮೇಲಿನ ಒಂದು ಅಂಕಿ.

ಇಷ್ಟೆಲ್ಲ ಪೈಸೆ ಲೆಕ್ಕ ಮಾಡಿದ ಮೇಲೆ ಹೇಳಲು ನನಗೇ ನಗು ಬರುತ್ತದೆ: ಕ್ಯಾಸಿನೊಗಳ ಮೇಲಿನ ಜಿಎಸ್‌ಟಿ 2023ರ ಅಕ್ಟೋಬರಿನಿಂದ ಚಿಪ್ಸ್ ಕೊಳ್ಳಲು ಕೊಡುವ ಪೂರ್ತಿ ಹಣದ ಮೇಲೆ ಶೇಕಡಾ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40 ಆಗಿದೆ. ಅದನ್ನು ಪ್ರವೇಶದ ಪ್ಯಾಕೇಜಿನಲ್ಲಿ ಸೇರಿಸಿದ್ದಾರೋ, ಚಿಪ್ಸ್ ಕೊಡುವಾಗ ಮುರಿಯುತ್ತಾರೋ ಎಂದು ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ಆ ಒಂದು ಪ್ರಶ್ನೆ ನನ್ನ ಇಡೀ ಉತ್ತರಕ್ಕಿಂತ ಹೆಚ್ಚು ಹಣ ಉಳಿಸಬಹುದು. ಹಣ ಹಾಕಿ ಆಡುವ ಫೋನ್ ಪೋಕರ್ ಕಡೆಗೆ ಯಾರಾದರೂ ಕರೆದರೆ ಹೋಗಬೇಡಿ. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದ ಆನ್‌ಲೈನ್ ಗೇಮುಗಳನ್ನೆಲ್ಲ ನಿಷೇಧಿಸಿದೆ. ಗೋವಾದ ಹಡಗು ನಿಂತಿರುವುದು ಆ ರಾಜ್ಯದ 1976ರ ಕಾಯಿದೆಗೆ ಆಮೇಲೆ ಸೇರಿಸಿದ ತಿದ್ದುಪಡಿಯ ಮೇಲೆ, ಅದು ಬೇರೆ ವಿಷಯ.

ನನ್ನನ್ನು ಕೇಳಿದರೆ, ಹಡಗಿನಲ್ಲಿ ಪೋಕರ್ ಕೋಣೆಯ ಹೊರಗೆ ಒಂದು ಗಂಟೆ ನಿಂತು ನೋಡಿ. ಹಣದ ವಾಸನೆ ಹತ್ತಿದ ಮನುಷ್ಯರು ಹೇಗೆ ಎಲೆ ಎಸೆಯುತ್ತಾರೆಂದು ಕಾಣುತ್ತದೆ. ಆಮೇಲೆ ತ್ರೀ ಕಾರ್ಡ್ ಟೇಬಲ್‌ನ ಅತಿ ಸಣ್ಣ ಪಣದಲ್ಲಿ, ಬದಿ ಪಣ ಮುಟ್ಟದೆ, ಖರ್ಚೆಂದು ಬರೆದಿಟ್ಟ ಹಣದಲ್ಲಿ ಕೂರಿ. 9-6 ಮೆಷಿನ್ ಕಣ್ಣಿಗೆ ಬಿದ್ದರೆ ಮಾತ್ರ ಅದರ ಮುಂದೆ.

ಅಳಿಯನ ವಿಷಯ. 'ಬಲಾಟ್ರೊ' 2024ರ ಫೆಬ್ರುವರಿಯಲ್ಲಿ ಬಂದ ಗೇಮ್. ಅದರಲ್ಲಿ ಪಣವೇ ಇಲ್ಲ, ಕೊಂಡ ಮೇಲೆ ಹಾಕಲು ಹಣವೂ ಇಲ್ಲ, ಎದುರಾಳಿಯೂ ಇಲ್ಲ. ಪೋಕರ್ ಕೈಗಳು ಅದರಲ್ಲಿ ಅಂಕ ಗಳಿಸುವ ನೆಪ: ಜೋಡಿಗೆ 10 ಗುಣಿಸು 2, ಫ್ಲಷ್‌ಗೆ 35 ಗುಣಿಸು 4, ಆಮೇಲೆ ಜೋಕರುಗಳು ಬಂದು ಗುಣಾಕಾರವನ್ನು ಆಕಾಶಕ್ಕೇರಿಸುತ್ತಾರೆ. ಯುರೋಪಿನ ವಯೋಮಿತಿ ಮಂಡಳಿ 2024ರಲ್ಲಿ ಇದಕ್ಕೆ 18 ಎಂದು ಮುದ್ರೆ ಹಾಕಿ, ಆಕ್ಷೇಪ ಬಂದ ಮೇಲೆ 2025ರಲ್ಲಿ 12ಕ್ಕೆ ಇಳಿಸಿತು. ಅಕ್ಕ ಹೆದರಬೇಕಾದ್ದು ಜೂಜಿಗಲ್ಲ, ಊಟಕ್ಕೆ ಏಳದಿರುವುದಕ್ಕೆ. ಅದಕ್ಕೆ ಮದ್ದು ಅಕ್ಕನಿಗೇ ಗೊತ್ತಿರುತ್ತದೆ. ಹುಡುಗನ ತಲೆಯಲ್ಲಿ ಒಂದು ತಪ್ಪು ಮಾತ್ರ ಕೂತಿರಬಹುದು, ಆ ಗೇಮಿನಲ್ಲಿ ಒಂದೇ ಎಲೆ ಐದು ಸಲ ಬರಬಹುದು, ಐದು ಎಕ್ಕ ಒಂದು ಕೈ. ಮನೆಯ ಹಳೆಯ ಕಟ್ಟು ಕೊಟ್ಟು ಐದನೆಯ ಎಕ್ಕ ಹುಡುಕಲು ಹೇಳಿ. ಸಿಗದೆ ಬಂದಾಗ ಏಳರಿಂದ ಎಕ್ಕದವರೆಗಿನ 32 ಎಲೆ ತೆಗೆದು ಅವನನ್ನು ಇಪ್ಪತ್ತೆಂಟಿಗೆ ನಾಲ್ಕನೆಯವನಾಗಿ ಕೂರಿಸಿ, ಭಾವನ ಎದುರು ಪಕ್ಷಕ್ಕೆ.